ಸರ್ಕಾರಿ ಶಾಲೆಯ ಆಯವ್ಯಯ ಮತ್ತು ನಮ್ಮ ಮೌನ

ಆಹಾರ, ಔಷಧ, ಅಭಯ, ಶಾಸ್ತ್ರ ಎಂಬ ಚತುರ್ವಿಧ ದಾನಗಳ ಹೆಸರು ತಿಳಿಯದ ಶ್ರಾವಕರ ಮನೆ ಇರಲಾರದು. ಭಾನುವಾರದ ಪಾಠಶಾಲೆಗೆ ಬರುವ ಮಕ್ಕಳೂ ಅವನ್ನು ಬೆರಳು ಮಡಿಸಿ ಎಣಿಸಿ ಒಪ್ಪಿಸುತ್ತಾರೆ. ಆದರೆ ಈ ನಾಲ್ಕರಲ್ಲಿ ಶಾಸ್ತ್ರದಾನವು ಇಂದು ನಮ್ಮಲ್ಲಿ ಯಾವ ಅರ್ಥದಲ್ಲಿ ಉಳಿದುಕೊಂಡಿದೆ ಎಂಬ ಪ್ರಶ್ನೆ, ಕೆಲವು ತಿಂಗಳ ಹಿಂದೆ ಉತ್ತರ ಬೆಂಗಳೂರಿನ ಒಂದು ಟ್ರಸ್ಟಿನ ಸಭೆಯಲ್ಲಿ ಕುಳಿತಿದ್ದಾಗ ನನ್ನನ್ನು ಕಾಡತೊಡಗಿತು. ಅಂದಿನಿಂದ ಅದು ಬಿಟ್ಟಿಲ್ಲ. ಆದುದರಿಂದಲೇ ಈ ಲೇಖನ.

ಆ ಸಭೆಯಲ್ಲಿ ನಾನು ಕೇಳಿದ್ದು ಹಣವನ್ನಲ್ಲ, ಒಂದು ಸಹಿಯನ್ನು. ಬಸದಿಗೆ ಕೂಗಳತೆಯ ದೂರದಲ್ಲಿರುವ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎರಡು ಶಿಕ್ಷಕ ಹುದ್ದೆಗಳು ಬಹುಕಾಲದಿಂದ ಖಾಲಿ ಉಳಿದಿವೆ. ಅವುಗಳನ್ನು ತುಂಬಬೇಕೆಂದು ಟ್ರಸ್ಟಿನ ಹೆಸರಿನಲ್ಲಿ ಇಲಾಖೆಗೆ ಒಂದು ಮನವಿ ಸಲ್ಲಿಸೋಣ ಎಂದು ಸೂಚಿಸಿದೆ. ಮೂರು ಆಕ್ಷೇಪಣೆಗಳು ಒಂದರ ಹಿಂದೊಂದು ಬಂದವು. ಮೊದಲನೆಯದು: "ಮಕ್ಕಳೇ ಕಡಿಮೆಯಾಗುತ್ತಿರುವ ಶಾಲೆಗೆ ಮೇಷ್ಟರು ಏಕೆ? ಸರ್ಕಾರ ಉಳಿತಾಯ ಮಾಡುತ್ತಿದ್ದರೆ ಒಳ್ಳೆಯದೇ ಅಲ್ಲವೇ?" ಎರಡನೆಯದು: "ಆ ಶಾಲೆಗಳಲ್ಲಿ ಮೊಟ್ಟೆ ಕೊಡುತ್ತಾರೆ, ಅಂಥ ಕಡೆ ನಮ್ಮ ಹೆಸರು ಸೇರುವುದು ಬೇಡ." ಮೂರನೆಯದು: "ಅದು ಸರ್ಕಾರದ ಕೆಲಸ, ನಮಗೇನು?" ಹತ್ತು ನಿಮಿಷದಲ್ಲಿ ವಿಷಯ ಮುಗಿಯಿತು. ಮುಂದಿನ ವಿಷಯವಾದ ಮಂಟಪದ ದೀಪಾಲಂಕಾರದ ಚರ್ಚೆ ಒಂದು ಗಂಟೆ ನಡೆಯಿತು.

ಆಕ್ಷೇಪಿಸಿದವರೆಲ್ಲ ಸಜ್ಜನರು, ದಾನಿಗಳು, ನನಗೆ ಬೇಕಾದವರು. ಅವರನ್ನು ನಿಂದಿಸುವುದು ನನ್ನ ಉದ್ದೇಶವಲ್ಲ. ಆದರೆ ಅವರ ಮಾತುಗಳಿಗೆ ಅಂದು ಸಭೆಯಲ್ಲಿ ಹೇಳಲಾಗದ ಉತ್ತರವನ್ನು ಇಲ್ಲಿ ಹೇಳದೆ ಇರಲಾರೆ.

ಘೋಷಣೆಯಾಗದ ಕಡಿತ

ಮೊದಲು ಲೆಕ್ಕವನ್ನು ನೋಡೋಣ. ನಾನು ವಾಣಿಜ್ಯ ಪದವೀಧರ; ಯಶವಂತಪುರದ ಮಾರುಕಟ್ಟೆ ಪ್ರಾಂಗಣದಲ್ಲಿ ಬೇಳೆಕಾಳುಗಳ ಸಗಟು ವ್ಯಾಪಾರದಲ್ಲಿ ಕೂದಲು ನರೆತವನು. ಯಾವ ಮನೆತನದ, ಯಾವ ಸಂಸ್ಥೆಯ ಮನಸ್ಸನ್ನಾದರೂ ಅದರ ಭಾಷಣದಿಂದ ತಿಳಿಯಲಾಗದು, ಅದರ ಜಮಾ-ಖರ್ಚಿನಿಂದ ತಿಳಿಯಬಹುದು ಎಂಬುದು ನನ್ನ ಅನುಭವ.

2025-26ನೆಯ ಸಾಲಿನ ಕರ್ನಾಟಕದ ಆಯವ್ಯಯದ ಒಟ್ಟು ಗಾತ್ರ 4,09,549 ಕೋಟಿ ರೂ. ಅದರಲ್ಲಿ ಶಿಕ್ಷಣಕ್ಕೆ ತೆಗೆದಿರಿಸಿದ ಮೊತ್ತ 45,286 ಕೋಟಿ ರೂ.; ಅಂದರೆ ನೂರಕ್ಕೆ ಸುಮಾರು ಹನ್ನೊಂದು. ದೇಶದ ರಾಜ್ಯಗಳು ಸರಾಸರಿ ನೂರಕ್ಕೆ ಹದಿನಾಲ್ಕು-ಹದಿನೈದರ ಆಸುಪಾಸಿನಲ್ಲಿ ಶಿಕ್ಷಣಕ್ಕೆ ಇಡುತ್ತವೆ. ರಾಷ್ಟ್ರದ ಆದಾಯದಲ್ಲಿ ನೂರಕ್ಕೆ ಆರರಷ್ಟನ್ನು ಶಿಕ್ಷಣಕ್ಕೆ ವಿನಿಯೋಗಿಸಬೇಕೆಂದು ಕೊಠಾರಿ ಆಯೋಗ 1966ರಲ್ಲಿ ಹೇಳಿತು. 1968, 1986 ಮತ್ತು 2020ರ ರಾಷ್ಟ್ರೀಯ ನೀತಿಗಳು ಅದೇ ಮಾತನ್ನು ಮತ್ತೆ ಮತ್ತೆ ಹೇಳಿದವು. ಸಾಲ ಕೊಟ್ಟವನ ಮುಂದೆ ಪ್ರತಿ ದೀಪಾವಳಿಗೂ ಹೊಸ ವಾಯಿದೆ ಹೇಳುವ ಗಿರಾಕಿಯ ನೆನಪು ನನಗಾಗುತ್ತದೆ.

ಇಲ್ಲಿ ಯಾರೋ ಹೇಳುವರು: ಮೊತ್ತ ವರ್ಷದಿಂದ ವರ್ಷಕ್ಕೆ ಏರುತ್ತಲೇ ಇದೆಯಲ್ಲ, ಕಡಿತವೆಲ್ಲಿ? ಕಡಿತವು ಆಯವ್ಯಯ ಭಾಷಣದಲ್ಲಿ ಇರುವುದಿಲ್ಲ. ಯಾವ ಹಣಕಾಸು ಸಚಿವರೂ ಎದ್ದುನಿಂತು "ಈ ವರ್ಷ ಗಣಿತದ ಮೇಷ್ಟರನ್ನು ಕಡಿಮೆ ಮಾಡಿದ್ದೇವೆ" ಎನ್ನುವುದಿಲ್ಲ. ಒಬ್ಬ ಶಿಕ್ಷಕರು ನಿವೃತ್ತರಾಗುತ್ತಾರೆ, ಅವರ ಸ್ಥಾನಕ್ಕೆ ಯಾರೂ ಬರುವುದಿಲ್ಲ, ಅಷ್ಟೇ. ಆ ವೇತನ ಉಳಿಯಿತು. ಖಾಲಿ ಬಿಟ್ಟ ಹುದ್ದೆ ಎಂದರೆ ಘೋಷಣೆಯಾಗದ ಕಡಿತ. ಅದಕ್ಕೆ ಪ್ರತಿಭಟನೆ ಇಲ್ಲ, ಪತ್ರಿಕೆಯ ತಲೆಬರಹವಿಲ್ಲ. ನಷ್ಟ ಅನುಭವಿಸುವವರು ಹತ್ತು ವರ್ಷದ ಮಕ್ಕಳು. ತಾವು ಏನನ್ನು ಕಳೆದುಕೊಂಡೆವೆಂದು ಅವರಿಗೆ ತಿಳಿಯುವುದೂ ಇಲ್ಲ.

ಖಾಲಿ ಸ್ಥಾನಗಳಿಗೆ ವರ್ಷ ವರ್ಷವೂ ಅತಿಥಿ ಶಿಕ್ಷಕರನ್ನು ತೆಗೆದುಕೊಳ್ಳುತ್ತಾರೆ. 2025-26ರಲ್ಲಿ ಇಂಥವರ ಸಂಖ್ಯೆ ರಾಜ್ಯದಲ್ಲಿ ಐವತ್ತು ಸಾವಿರದಷ್ಟು. ಆ ಸಾಲಿನ ಆಯವ್ಯಯದಲ್ಲಿ 2,000 ರೂ. ಏರಿಸಿದ ನಂತರ ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ 12,000 ರೂ., ಪ್ರೌಢಶಾಲೆಯವರಿಗೆ 12,500 ರೂ. ಗೌರವಧನ. ಕಾಯಂ ಶಿಕ್ಷಕರ ಆರಂಭಿಕ ವೇತನದ ಮೂರನೆಯ ಒಂದು ಭಾಗವೂ ಅದಲ್ಲ. ಶೈಕ್ಷಣಿಕ ವರ್ಷ ಮುಗಿದೊಡನೆ ಅದೂ ನಿಲ್ಲುತ್ತದೆ. ಜೂನ್‌ನಲ್ಲಿ ಮತ್ತೆ ಕರೆದರೆ ಉಂಟು, ಇಲ್ಲದಿದ್ದರೆ ಇಲ್ಲ. ನಮ್ಮ ಶ್ರಾವಕಾಚಾರದಲ್ಲಿ ಅತಿಥಿಸಂವಿಭಾಗವೆಂಬ ವ್ರತವೊಂದಿದೆ. ಅತಿಥಿಗೆ ತನ್ನ ಪಾಲಿನಲ್ಲಿ ಉತ್ತಮವಾದುದನ್ನು ಹಂಚಬೇಕೆಂಬುದು ಅದರ ತಾತ್ಪರ್ಯ. ಉಳಿದ ಎಲ್ಲರಿಗೂ ಬಡಿಸಿ ಮುಗಿದ ಮೇಲೆ ತಳದ ಗಂಜಿಯನ್ನು ಎರೆದು 'ಅತಿಥಿ' ಎಂದು ಕರೆಯುವ ಈ ಕ್ರಮಕ್ಕೆ ಬೇರೆ ಯಾವುದಾದರೂ ಹೆಸರು ಹುಡುಕಿದ್ದರೆ ಭಾಷೆಯ ಮಾನವಾದರೂ ಉಳಿಯುತ್ತಿತ್ತು.

ನನ್ನ ಖಾತೆಗೆ ಬಂದ ಲಾಭ

ಇದು ನನ್ನ ಅಂಗಡಿಯ ಬಾಗಿಲಿಗೇ ಬಂದ ಕಥೆಯಾದ್ದರಿಂದ ಹೇಳುತ್ತೇನೆ. ಎರಡು ವರ್ಷದ ಹಿಂದೆ ಏಪ್ರಿಲ್ ತಿಂಗಳಲ್ಲಿ ಒಬ್ಬ ಯುವಕ ಗುಮಾಸ್ತನ ಕೆಲಸ ಕೇಳಿಕೊಂಡು ಬಂದ. ಬಿ.ಎಸ್‌ಸಿ., ಬಿ.ಇಡಿ. ಆಗಿತ್ತು. ಹೆಬ್ಬಾಳದ ಆಚೆಯ ಒಂದು ಸರ್ಕಾರಿ ಶಾಲೆಯಲ್ಲಿ ಮೂರು ವರ್ಷ ಅತಿಥಿ ಶಿಕ್ಷಕನಾಗಿ ಗಣಿತ ಹೇಳಿಕೊಟ್ಟಿದ್ದ. "ಸರ್, ತಿಂಗಳ ಗೌರವಧನ ಮೂರು ತಿಂಗಳಿಗೊಮ್ಮೆ ಬರುತ್ತೆ. ಬೇಸಿಗೆಯಲ್ಲಿ ಅದೂ ಇಲ್ಲ. ಮನೆ ಬಾಡಿಗೆ ಕಟ್ಟಬೇಕು" ಎಂದ. ಅವನಿಗೆ ನಾನು ಕೆಲಸ ಕೊಟ್ಟೆ. ಸರ್ಕಾರ ಅವನಿಗೆ ಕೊಡುತ್ತಿದ್ದುದಕ್ಕಿಂತ ಹೆಚ್ಚೇ ಕೊಟ್ಟೆ. ಜೂನ್ ಬಂದಿತು, ಅವನು ಶಾಲೆಗೆ ಹಿಂತಿರುಗಲಿಲ್ಲ. ಕಿರ್ದಿ, ಖಾತೆ, ಸರಕು ಸೇವಾ ತೆರಿಗೆಯ ಪತ್ರಗಳು ಎಲ್ಲವನ್ನೂ ಇಂದು ಅಚ್ಚುಕಟ್ಟಾಗಿ ನಡೆಸುತ್ತಿದ್ದಾನೆ.

ಅದೇ ವರ್ಷ ದಸರೆಯ ವೇಳೆಗೆ, ನಮ್ಮಲ್ಲಿ ಮೂಟೆ ಇಳಿಸುವ ಹಮಾಲನೊಬ್ಬ ಸಂಬಳದ ಮುಂಗಡ ಕೇಳಲು ಬಂದ. ಏಕೆಂದು ವಿಚಾರಿಸಿದೆ. "ಮಗಳಿಗೆ ಟ್ಯೂಷನ್ ಹಾಕಬೇಕ್ರೀ ಸಾವ್ಕಾರ್ರೇ. ಸಾಲ್ಯಾಗ ಲೆಕ್ಕದ ಮಾಸ್ತರು ಬಿಟ್ಟು ಹೋಗ್ಯಾರ್ರೀ, ಮತ್ತೊಬ್ಬರು ಬಂದಿಲ್ಲ" ಎಂದ. ಯಾವ ಶಾಲೆ ಎಂದು ಕೇಳಿದೆ. ಅದೇ ಶಾಲೆ. ಆ ಲೆಕ್ಕದ ಮಾಸ್ತರು ಅಲ್ಲಿಯೇ, ಮೂರು ಮಾರು ದೂರದಲ್ಲಿ, ನನ್ನ ಗಲ್ಲಾಪೆಟ್ಟಿಗೆಯ ಪಕ್ಕ ಕುಳಿತು ಬಿಲ್ಲು ಬರೆಯುತ್ತಿದ್ದ.

ನಾನು ಮಾಡಿದುದು ತಪ್ಪೇ? ವ್ಯಾಪಾರದ ನ್ಯಾಯದಲ್ಲಿ ಇಲ್ಲ. ಕೆಲಸ ಬೇಕಾದವನಿಗೆ ಕೆಲಸ ಕೊಟ್ಟೆ. ಆದರೆ ಪ್ರತಿ ಜಮೆಗೂ ಒಂದು ಖರ್ಚಿನ ಬರಹ ಇರಲೇಬೇಕೆಂಬುದು ದ್ವಿಪದ್ಧತಿಯ ಲೆಕ್ಕದ ಮೊದಲ ಪಾಠ. ನನ್ನ ಖಾತೆಗೆ ಒಬ್ಬ ಒಳ್ಳೆಯ ಗುಮಾಸ್ತ ಜಮೆಯಾದ. ಆ ಖರ್ಚು ಬಿದ್ದುದು ಆ ಹುಡುಗಿಯ ಖಾತೆಗೆ.

ಮೂಗಿಗಿಂತ ಮೂಗುತಿ ಭಾರ

ಐವತ್ತು ಸಾವಿರ ಅತಿಥಿ ಶಿಕ್ಷಕರಿಗೆ ತಿಂಗಳಿಗೆ 12,000 ರೂ.ನಂತೆ ಹತ್ತು ತಿಂಗಳಿಗೆ ಆಗುವ ಮೊತ್ತ 600 ಕೋಟಿ ರೂ. ಅವರ ಗೌರವಧನವನ್ನು ಎರಡು ಪಟ್ಟು ಮಾಡಲು ಇನ್ನು 600 ಕೋಟಿ ಬೇಕು. ಶಿಕ್ಷಣಕ್ಕೆಂದು ಇಟ್ಟ ಒಟ್ಟು ಮೊತ್ತದಲ್ಲಿ ಇದು ನೂರಕ್ಕೆ ಒಂದೂಕಾಲಿನಿಂದ ಒಂದೂವರೆಯ ನಡುವಣ ಪಾಲು.

ನಮ್ಮ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗೆ ಸುಮಾರು 17 ಕಿಲೋಮೀಟರ್ ಸುರಂಗ ರಸ್ತೆ ತೋಡುವ ಯೋಜನೆಗೆ 2025ರಲ್ಲಿ ಟೆಂಡರ್ ಕರೆದಾಗಿನ ಅಂದಾಜು ವೆಚ್ಚವೇ 17,000 ಕೋಟಿ ರೂ. ಮೀರಿತ್ತು. ಮೇಲೆ ಹೇಳಿದ 600 ಕೋಟಿಯ ಲೆಕ್ಕದಲ್ಲಿ ಅದು ಇಪ್ಪತ್ತೆಂಟು ವರ್ಷಗಳ ಮೊತ್ತ. ಬಂಡವಾಳ ವೆಚ್ಚ ಬೇರೆ, ರಾಜಸ್ವ ವೆಚ್ಚ ಬೇರೆ; ಸುರಂಗದ ಹಣ ಸಾಲದಿಂದಲೂ ಸುಂಕದಿಂದಲೂ ಬರತಕ್ಕದ್ದು; ಅದನ್ನು ನಿಲ್ಲಿಸಿದ ಮಾತ್ರಕ್ಕೆ ಶಿಕ್ಷಕರ ವೇತನ ಹುಟ್ಟುವುದಿಲ್ಲ ಎಂಬುದನ್ನು ನಾನು ಬಲ್ಲೆ. ಆದರೆ ಅದೇ ಸಾಲಿನ ಆಯವ್ಯಯದಲ್ಲಿ ಬೆಂಗಳೂರಿನ ಸುರಂಗ ರಸ್ತೆಗಳಿಗಾಗಿ ರಾಜ್ಯ ಸರ್ಕಾರ 19,000 ಕೋಟಿ ರೂ.ಗಳ ಜಾಮೀನು ನಿಲ್ಲಲು ಮುಂದೆ ಬಂದಿತು. ಜಾಮೀನು ಯಾರಿಗೆ ನಿಲ್ಲುತ್ತೇವೆ ಎಂಬುದರಲ್ಲಿಯೇ ನಮ್ಮ ಪ್ರೀತಿ ತಿಳಿಯುತ್ತದೆ. ಕಾರಿನಲ್ಲಿ ಹೋಗುವವನ ಅರ್ಧ ಗಂಟೆ ಉಳಿಸಲು ಜಾಮೀನು ಸಿಕ್ಕಿತು. ಅತಿಥಿ ಶಿಕ್ಷಕನ ಬೇಸಿಗೆಯ ಎರಡು ತಿಂಗಳಿಗೆ ಸಿಗಲಿಲ್ಲ.

ಐದು ಗ್ಯಾರಂಟಿಗಳಿಗೆ ಅದೇ ವರ್ಷ 51,034 ಕೋಟಿ ರೂ. ಇಟ್ಟಿದ್ದರಿಂದ ಶಿಕ್ಷಣಕ್ಕೆ ಹಣವಿಲ್ಲ ಎಂಬ ಮಾತು ನಮ್ಮ ಅಂಗಡಿ ಸಾಲಿನಲ್ಲಿ ದಿನವೂ ಕೇಳಿಬರುತ್ತದೆ. ಈ ವಾದವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಆ ಹಣದ ಬಹುಪಾಲು ಸೇರುವುದು ಇದೇ ಶಾಲೆಯ ಮಕ್ಕಳ ತಾಯಂದಿರಿಗೆ. ತಾಯಿಯ ಕೈಗೆ ಎರಡು ಸಾವಿರ ಕೊಟ್ಟುದಕ್ಕಾಗಿ ಮಗಳ ಮೇಷ್ಟರನ್ನು ಕಿತ್ತುಕೊಳ್ಳಬೇಕೆಂಬ ನಿಯಮವೇನಿಲ್ಲ. ಗ್ಯಾರಂಟಿಗಳು ಬರುವುದಕ್ಕೆ ಬಹಳ ಮೊದಲೇ ಹುದ್ದೆಗಳು ಖಾಲಿಯಿದ್ದವು.

ಖಾಲಿ ಹುದ್ದೆ ಒಂದೇ ಅಲ್ಲ. ನೂರೊಂದರಿಂದ ಇನ್ನೂರೈವತ್ತು ಮಕ್ಕಳಿರುವ ಶಾಲೆಗೆ ಸಮಗ್ರ ಶಿಕ್ಷಣ ಯೋಜನೆಯ ವಾರ್ಷಿಕ ಶಾಲಾನುದಾನ 50,000 ರೂ. ಇನ್ನೂರೈವತ್ತು ಮಕ್ಕಳಿದ್ದರೆ ತಲೆಗೆ ವರ್ಷಕ್ಕೆ 200 ರೂ.; ತಿಂಗಳಿಗೆ ಹದಿನೇಳು ರೂಪಾಯಿಯೂ ಇಲ್ಲ. ಸೀಮೆಸುಣ್ಣ, ಪೊರಕೆ, ಒಡೆದ ನಲ್ಲಿ, ಶೌಚಾಲಯದ ಶುಚಿತ್ವ ಎಲ್ಲವೂ ಇದರಲ್ಲೇ. ವಿದ್ಯುತ್ತು ಮತ್ತು ನೀರಿನ ಬಿಲ್ಲನ್ನು ಸರ್ಕಾರವೇ ಭರಿಸುವುದಾಗಿ 2023ರ ನವೆಂಬರ್ 1ರಂದು ಮುಖ್ಯಮಂತ್ರಿಗಳು ಘೋಷಿಸಿದರು. ಅದು ಒಳ್ಳೆಯ ಕೆಲಸ, ಸ್ಮರಿಸಬೇಕು. ಅದಕ್ಕೆ ಒಂದು ವರ್ಷ ಮೊದಲು, 2022ರ ಅಕ್ಟೋಬರ್‌ನಲ್ಲಿ, ಶಾಲೆಯ ಖರ್ಚಿಗಾಗಿ ಪೋಷಕರಿಂದ ತಿಂಗಳಿಗೆ 100 ರೂ. ದೇಣಿಗೆ ಪಡೆಯಬಹುದೆಂದು ಶಿಕ್ಷಣ ಇಲಾಖೆ ಸುತ್ತೋಲೆ ಹೊರಡಿಸಿ, ವಿರೋಧ ಬಂದೊಡನೆ ಕೆಲವೇ ದಿನಗಳಲ್ಲಿ ಹಿಂತೆಗೆದುಕೊಂಡಿತು. ಸುತ್ತೋಲೆ ಹೋಯಿತು, ಅದನ್ನು ಬರೆಸಿದ ಕೊರತೆ ಹೋಗಲಿಲ್ಲ. ಮರು ತಿಂಗಳೇ, 'ವಿವೇಕ' ಯೋಜನೆಯಲ್ಲಿ 7,601 ಕೊಠಡಿಗಳಿಗೆ ಅಡಿಗಲ್ಲು ಹಾಕುವಾಗ, ಗೋಡೆಗಳಿಗೆ ಯಾವ ಬಣ್ಣ ಬಳಿಯಬೇಕೆಂಬುದರ ಮೇಲೆ ನಾಡಿನಲ್ಲಿ ದೊಡ್ಡ ವಾಗ್ವಾದ ನಡೆಯಿತು. ಕೊಠಡಿಯೊಳಗೆ ನಿಲ್ಲುವವರು ಯಾರು ಎಂಬುದರ ಮೇಲೆ ಅಷ್ಟು ವಾಗ್ವಾದ ನಡೆಯಲಿಲ್ಲ.

ದಾನಿಗಳಾದ ನಮ್ಮದೂ ಇದೇ ಚಾಳಿ. ಕಂಪನಿ ಕಾಯಿದೆ 2013ರ ಮೇರೆಗೆ ದೊಡ್ಡ ಕಂಪನಿಗಳು ಲಾಭದ ನೂರಕ್ಕೆ ಎರಡನ್ನು ಸಮಾಜಕಾರ್ಯಕ್ಕೆ ಬಳಸಬೇಕು. ಆ ಹಣದಿಂದ ಶಾಲೆಗೆ ಪರದೆ ಬರುತ್ತದೆ, ಗಣಕಯಂತ್ರ ಬರುತ್ತದೆ, ಬಣ್ಣ ಬರುತ್ತದೆ, ಅವೆಲ್ಲದರ ಮೇಲೆ ನಾಮಫಲಕ ಬರುತ್ತದೆ. ಮೇಷ್ಟರ ಬೆನ್ನಿಗೆ ನಾಮಫಲಕ ಅಂಟಿಸಲಾಗದು. ಆದ್ದರಿಂದ ಮೇಷ್ಟರು ಬರುವುದಿಲ್ಲ. ಮೂಗಿಗಿಂತ ಮೂಗುತಿ ಭಾರವೆಂಬ ಗಾದೆ ಇದಕ್ಕೇ ಹುಟ್ಟಿರಬೇಕು.

ಮಕ್ಕಳಿಲ್ಲದ ಶಾಲೆಯೆಂಬ ವಾದ

ಈಗ ಮೊದಲನೆಯ ಆಕ್ಷೇಪಣೆಗೆ ಬರುತ್ತೇನೆ. ಐದಾರು ಮಕ್ಕಳಿಗೆ ಒಂದು ಶಾಲೆ ನಡೆಸುವುದು ಕಷ್ಟ, ಒಪ್ಪಿದೆ. ಅಂಥ ಎರಡು ಶಾಲೆಗಳನ್ನು ಕೂಡಿಸಿ ವಿಷಯಕ್ಕೊಬ್ಬ ಶಿಕ್ಷಕರನ್ನು ಕೊಟ್ಟರೆ ಮಕ್ಕಳಿಗೆ ಲಾಭವಾಗಲೂಬಹುದು, ಅದನ್ನೂ ಒಪ್ಪಿದೆ. ಆದರೆ 2018ರ ಜುಲೈನ ಆಯವ್ಯಯದಲ್ಲಿ, ಒಂದು ಕಿಲೋಮೀಟರ್ ವ್ಯಾಪ್ತಿಯೊಳಗಿನ 28,847 ಶಾಲೆಗಳನ್ನು 8,530 ಶಾಲೆಗಳಲ್ಲಿ ವಿಲೀನಗೊಳಿಸುವ ಮಾತು ಬಂದಾಗ ಸಾಹಿತಿಗಳೂ ಶಿಕ್ಷಣಪ್ರೇಮಿಗಳೂ ವಿರೋಧಿಸಿದ್ದು ಸುಮ್ಮನೆಯಲ್ಲ. ಆಳುಗಳ ಮಕ್ಕಳಿಗೆ ವಾಹನವಿಲ್ಲ. ಒಂದು ಕಿಲೋಮೀಟರ್ ಎಂಬುದು ನಕ್ಷೆಯ ಮೇಲೆ ಒಂದು ಅಂಗುಲ. ಬಳ್ಳಾರಿ ರಸ್ತೆಯ ಒಂದು ಬದಿಯಿಂದ ಇನ್ನೊಂದು ಬದಿಗೆ ದಾಟಬೇಕಾದ ಏಳು ವರ್ಷದ ಮಗುವಿಗೆ ಅದು ಒಂದು ಹೊಳೆ. ಕಂಡವರ ಮಕ್ಕಳನ್ನು ಬಾವಿಗೆ ತಳ್ಳಿ ಆಳ ನೋಡುವುದೆಂದರೆ ಇದೇ.

2025-26ರಲ್ಲಿ ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ನೆರವಿನಿಂದ 2,500 ಕೋಟಿ ರೂ. ವೆಚ್ಚದಲ್ಲಿ 500 ಹೊಸ ಕರ್ನಾಟಕ ಪಬ್ಲಿಕ್ ಶಾಲೆಗಳನ್ನು ಮಾಡುವುದಾಗಿ ಸರ್ಕಾರ ಹೇಳಿತು. ಒಳ್ಳೆಯ ಶಾಲೆಗಳು ಬರಲಿ. ಆದರೆ ಒಂದು ದೀಪ ಹಚ್ಚಲು ಹತ್ತು ಹಣತೆಗಳ ಎಣ್ಣೆ ಬಸಿಯಬಾರದು.

ಮಕ್ಕಳು ಏಕೆ ಕಡಿಮೆಯಾದರು ಎಂಬ ಪ್ರಶ್ನೆಯನ್ನಾದರೂ ನಾವು ಕೇಳಬೇಕಷ್ಟೆ. ಶಿಕ್ಷಣ ಹಕ್ಕು ಕಾಯಿದೆ 2009ರ ಪ್ರಕಾರ ಕಿರಿಯ ಪ್ರಾಥಮಿಕದಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ಇಬ್ಬರಲ್ಲಿ ಒಬ್ಬರು ಗಣತಿಗೋ ಚುನಾವಣೆಗೋ ತರಬೇತಿಗೋ ಹೋದರೆ ಐದು ತರಗತಿಗಳ ಮುಂದೆ ಒಬ್ಬರೇ ನಿಲ್ಲುತ್ತಾರೆ. ಇದನ್ನು ಕಂಡ ತಂದೆ ಸಾಲ ಮಾಡಿ ಮಗುವನ್ನು ಖಾಸಗಿ ಶಾಲೆಗೆ ಹಾಕುತ್ತಾನೆ. ಮರುವರ್ಷ ಮಕ್ಕಳು ಕಡಿಮೆಯೆಂದು ಆ ಒಬ್ಬ ಶಿಕ್ಷಕರನ್ನೂ ಬೇರೆಡೆಗೆ ಕಳುಹಿಸುತ್ತಾರೆ. ಅಂಗಡಿಯಲ್ಲಿ ಸರಕನ್ನೇ ಇಡದೆ, ಗಿರಾಕಿ ಬರಲಿಲ್ಲವೆಂದು ಬಾಗಿಲು ಮುಚ್ಚುವ ವ್ಯಾಪಾರಿಯನ್ನು ನಾವು ಜಾಣನೆನ್ನುವೆವೇ? ಯಲಹಂಕ, ಜಕ್ಕೂರು, ಕೊಡಿಗೆಹಳ್ಳಿಗಳ ಸುತ್ತ ಎದ್ದಿರುವ ಬಹುಮಹಡಿಗಳನ್ನು ಕಟ್ಟಲು ರಾಯಚೂರು, ಯಾದಗಿರಿ, ಕಲಬುರಗಿಗಳಿಂದ ಬಂದವರ ಮಕ್ಕಳು ತಗಡಿನ ಶೆಡ್ಡುಗಳಲ್ಲಿದ್ದಾರೆ. ಅವರಿಗಿರುವುದು ಈ ಶಾಲೆಯೊಂದೇ. ಮಕ್ಕಳಿಲ್ಲವೆನ್ನುವವರು ಆ ಶೆಡ್ಡುಗಳ ಕಡೆಗೆ ಒಮ್ಮೆ ನಡೆದು ಬರಲಿ.

ತಟ್ಟೆಯ ಪ್ರಶ್ನೆ

ಎರಡನೆಯ ಆಕ್ಷೇಪಣೆ ನಮ್ಮ ಹೃದಯಕ್ಕೆ ಹತ್ತಿರವಾದುದು. ಆದ್ದರಿಂದ ಎಚ್ಚರಿಕೆಯಿಂದ ಉತ್ತರಿಸಬೇಕು. 2021ರ ಡಿಸೆಂಬರ್‌ನಲ್ಲಿ ಕಲ್ಯಾಣ ಕರ್ನಾಟಕದ ಜಿಲ್ಲೆಗಳ ಶಾಲೆಗಳಲ್ಲಿ ಮೊಟ್ಟೆ ಕೊಡತೊಡಗಿದರು. 2022ರಲ್ಲಿ ಅದು ರಾಜ್ಯಕ್ಕೆಲ್ಲ ಹರಡಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ನೆರವಿನಿಂದ ವಾರಕ್ಕೆ ಆರು ದಿನವಾಯಿತು. ತಿನ್ನದವರಿಗೆ ಬಾಳೆಹಣ್ಣು. ನಮ್ಮ ಸಮಾಜದಿಂದ ಮನವಿಗಳು ಹೋದವು, ಸಭೆಗಳು ನಡೆದವು. ಮೊಟ್ಟೆಯನ್ನು ಸಮರ್ಥಿಸಲು ನಾನು ಈ ಲೇಖನ ಬರೆಯುತ್ತಿಲ್ಲ. ನನ್ನ ವ್ರತ ನನಗಿದೆ, ಅದರಲ್ಲಿ ನನಗೆ ಸಂದೇಹವಿಲ್ಲ. ಆದರೆ ನನ್ನ ಪ್ರಶ್ನೆ ಬೇರೆ.

ತಟ್ಟೆಯಿಂದ ಒಂದು ವಸ್ತುವನ್ನು ತೆಗೆಯಿರಿ ಎನ್ನುವವನು, ಅದರ ಬದಲಿಗೆ ಏನಿಡಬೇಕೆಂದು ಹೇಳಲು ಬದ್ಧನಲ್ಲವೇ? ಮಧ್ಯಾಹ್ನದ ಊಟದ ನಿಯಮದಂತೆ ಕಿರಿಯ ಪ್ರಾಥಮಿಕದ ಮಗುವಿಗೆ ದಿನಕ್ಕೆ ಬೇಳೆ 20 ಗ್ರಾಂ, ಹಿರಿಯ ಪ್ರಾಥಮಿಕಕ್ಕೆ 30 ಗ್ರಾಂ. ಅಕ್ಕಿಯನ್ನು ಬಿಟ್ಟು ಬೇಳೆ, ತರಕಾರಿ, ಎಣ್ಣೆ, ಸಾಂಬಾರ ಪದಾರ್ಥ, ಉರುವಲು ಎಲ್ಲಕ್ಕೂ ಸೇರಿ 2025ರ ಮೇ ತಿಂಗಳಲ್ಲಿ ನಿಗದಿಯಾದ ಮೊತ್ತ ಕಿರಿಯರಿಗೆ 6 ರೂ. 78 ಪೈಸೆ, ಹಿರಿಯರಿಗೆ 10 ರೂ. 17 ಪೈಸೆ. ಇಪ್ಪತ್ತು ಗ್ರಾಂ ತೊಗರಿಬೇಳೆ ಎಷ್ಟೆಂದು ನಾನು ದಿನವೂ ತೂಗಿ ಬಲ್ಲೆ. ಅದು ಒಂದು ಹಿಡಿಯೂ ಆಗುವುದಿಲ್ಲ. ಬೇಳೆಯನ್ನು 40 ಗ್ರಾಂ ಮಾಡಿ, ಹಾಲನ್ನು ಹೆಚ್ಚಿಸಿ, ಅದಕ್ಕೆ ತಕ್ಕ ಹಣವನ್ನು ಆಯವ್ಯಯದಲ್ಲಿ ಇಡಿ ಎಂದು ನಮ್ಮ ಮನವಿಗಳು ಕೇಳಬಹುದಿತ್ತು. ನಾನು ಓದಿದ ಮನವಿಗಳಲ್ಲಿ ಅದು ಇರಲಿಲ್ಲ. ಬೇಳೆ ಮಾರುವ ನಮಗೇ ಬೇಳೆಯ ನೆನಪಾಗಲಿಲ್ಲವೆಂದರೆ ನಮ್ಮ ಕರುಣೆ ಎಲ್ಲಿ ನಿಂತಿತು ಎಂಬುದನ್ನು ಯೋಚಿಸಬೇಕು. ಅಹಿಂಸೆ ನಿಷೇಧದಲ್ಲಿ ಆರಂಭವಾಗಬಹುದು, ನಿಷೇಧದಲ್ಲಿ ಮುಗಿಯಬಾರದು.

ಇನ್ನೊಂದು ಮಾತು. ತತ್ತ್ವಾರ್ಥಸೂತ್ರದ ಆರನೆಯ ಅಧ್ಯಾಯದಲ್ಲಿ ಆಚಾರ್ಯರು ಜ್ಞಾನಾವರಣೀಯ ಕರ್ಮದ ಆಸ್ರವಕ್ಕೆ ಕಾರಣಗಳನ್ನು ಎಣಿಸುತ್ತಾರೆ. ಜ್ಞಾನವನ್ನು ಮರೆಮಾಚುವುದು, ಜ್ಞಾನ ಪಡೆಯುವವರಿಗೆ ಅಡ್ಡಿಯಾಗುವುದು ಆ ಪಟ್ಟಿಯಲ್ಲಿವೆ. ಎಂಟು ಕರ್ಮಗಳಲ್ಲಿ ಮೊದಲನೆಯದೇ ಇದು. ತಟ್ಟೆಯಲ್ಲಿನ ಮೊಟ್ಟೆಗೆ ನೊಂದ ನಾವು, ಅದೇ ಮಗುವಿನ ಮುಂದೆ ಮೇಷ್ಟರಿಲ್ಲದ ಹಲಗೆಗೆ ಏಕೆ ನೋಯಲಿಲ್ಲ? ಒಂದು ಹಿಂಸೆ, ಇನ್ನೊಂದು ಕೇವಲ ಆಡಳಿತದ ವಿಷಯವೆಂದು ಯಾವ ಆಗಮದಲ್ಲಿ ಹೇಳಿದೆ?

"ಅದು ಸರ್ಕಾರದ ಕೆಲಸ"

ಮೂರನೆಯ ಆಕ್ಷೇಪಣೆಯನ್ನು ನಾನು ಅರ್ಧ ಒಪ್ಪುತ್ತೇನೆ. ಹೌದು, ಇದು ಸರ್ಕಾರದ ಕೆಲಸವೇ. ಸಂವಿಧಾನದ 21-ಎ ವಿಧಿ ಆರರಿಂದ ಹದಿನಾಲ್ಕು ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿದೆ. ಅದಕ್ಕಾಗಿ ನಾವು ತೆರಿಗೆ ಕಟ್ಟುತ್ತೇವೆ. 2004ರಲ್ಲಿ ತೆರಿಗೆಯ ಮೇಲೆ ನೂರಕ್ಕೆ ಎರಡರಂತೆ ಆರಂಭವಾದ ಶಿಕ್ಷಣ ಉಪಕರ 2018ರಿಂದ ಆರೋಗ್ಯವನ್ನೂ ಕೂಡಿಕೊಂಡು ನೂರಕ್ಕೆ ನಾಲ್ಕಾಗಿದೆ. ಉಪಕರದ ಹಣವನ್ನು ಕೇಂದ್ರವು ರಾಜ್ಯಗಳೊಡನೆ ಹಂಚಿಕೊಳ್ಳಬೇಕಾದ ನಿಯಮವಿಲ್ಲ ಎಂಬುದನ್ನೂ ತಿಳಿದವರು ತಿಳಿದಿದ್ದಾರೆ. ಅಂದ ಮೇಲೆ ಲೆಕ್ಕ ಕೇಳುವ ಹಕ್ಕು ನಮಗಿದೆ. ಸಭೆಯಲ್ಲಿ ನಾನು ಕೇಳಿದ್ದೂ ಅದನ್ನೇ. ಸರ್ಕಾರದ ಕೆಲಸವನ್ನು ನಾವು ಮಾಡೋಣವೆಂದಲ್ಲ, ಸರ್ಕಾರವು ತನ್ನ ಕೆಲಸ ಮಾಡಲೆಂದು ಹೇಳೋಣವೆಂದು.

ಉಳಿದರ್ಧವನ್ನು ನಾನು ಒಪ್ಪಲಾರೆ. ಏಕೆಂದರೆ "ನಮಗೇನು?" ಎನ್ನುವ ಹಕ್ಕನ್ನು ನಾವು 2014ರಲ್ಲಿಯೇ ಕಳೆದುಕೊಂಡೆವು. ಆ ವರ್ಷ ಜನವರಿ 27ರಂದು ಜೈನರನ್ನು ರಾಷ್ಟ್ರೀಯ ಅಲ್ಪಸಂಖ್ಯಾತ ಸಮುದಾಯವೆಂದು ಕೇಂದ್ರವು ಅಧಿಸೂಚಿಸಿತು. ಅದೇ ವರ್ಷ ಮೇ 6ರಂದು ಸರ್ವೋಚ್ಚ ನ್ಯಾಯಾಲಯವು ಪ್ರಮತಿ ಪ್ರಕರಣದಲ್ಲಿ, ಶಿಕ್ಷಣ ಹಕ್ಕು ಕಾಯಿದೆ ಅಲ್ಪಸಂಖ್ಯಾತರ ಶಾಲೆಗಳಿಗೆ ಅನ್ವಯಿಸದೆಂದು ತೀರ್ಪಿತ್ತಿತು. ಬಡವರ ಮಕ್ಕಳಿಗೆ ನೂರಕ್ಕೆ ಇಪ್ಪತ್ತೈದು ಸ್ಥಾನ ಮೀಸಲಿಡುವ ಹೊಣೆಯಿಂದ ಅಂಥ ಮಾನ್ಯತೆ ಪಡೆದ ಶಾಲೆಗಳು ಮುಕ್ತವಾದವು, ನಮ್ಮವೂ ಸೇರಿದಂತೆ. 2025ರ ಸೆಪ್ಟೆಂಬರ್‌ನಲ್ಲಿ ಅದೇ ನ್ಯಾಯಾಲಯದ ಇಬ್ಬರು ನ್ಯಾಯಮೂರ್ತಿಗಳ ಪೀಠವೇ ಆ ತೀರ್ಪಿನ ಬಗ್ಗೆ ಸಂದೇಹ ವ್ಯಕ್ತಪಡಿಸಿ ವಿಷಯವನ್ನು ಹಿರಿಯ ಪೀಠದ ಪರಿಶೀಲನೆಗೆ ಒಪ್ಪಿಸಿತು. ಕಾನೂನು ಏನೇ ಹೇಳಲಿ, ಧರ್ಮದ ಲೆಕ್ಕ ಸರಳವಾಗಿದೆ. ಆ ಮಕ್ಕಳನ್ನು ನಮ್ಮ ಶಾಲೆಗೆ ಸೇರಿಸಿಕೊಳ್ಳುವ ಕಟ್ಟುಪಾಡು ನಮಗಿಲ್ಲ. ಅವರ ಶಾಲೆಗೆ ಮೇಷ್ಟರನ್ನು ಕೊಡಿರೆಂದು ಹೇಳಲು ನಮಗೆ ಬಾಯಿಯೂ ಇಲ್ಲವೆಂದರೆ, ಅಲ್ಪಸಂಖ್ಯಾತ ಮಾನ್ಯತೆ ನಮಗೆ ರಕ್ಷಣೆಯಾಗಿ ಬಂದಿತೋ, ನಿದ್ರೆಯಾಗಿ ಬಂದಿತೋ?

2011ರ ಜನಗಣತಿಯಂತೆ ನಮ್ಮ ಸಮುದಾಯದ ಸಾಕ್ಷರತೆ ನೂರಕ್ಕೆ ಸುಮಾರು 95. ದೇಶದ ಧರ್ಮಸಮುದಾಯಗಳಲ್ಲೇ ಹೆಚ್ಚು. ಇದು ನಮ್ಮ ಪೂರ್ವಿಕರ ದುಡಿಮೆಯ ಫಲ. ಅತ್ತಿಮಬ್ಬೆ ಲಕ್ಕುಂಡಿಯಲ್ಲಿ ಬಸದಿ ಕಟ್ಟಿಸುವುದರೊಂದಿಗೆ ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದಳು. ಸಾವಿರ ಓಲೆಕಟ್ಟುಗಳು ತಾವಾಗಿ ಬರೆದುಕೊಳ್ಳಲಿಲ್ಲ. ಬರೆಯುವ ಕೈಗಳಿಗೆ ಆಕೆ ಅನ್ನವಿಟ್ಟಿರಬೇಕು. ಕಲ್ಲಿಗೆ ಕೊಟ್ಟ ಕೈಯಿಂದಲೇ ಕಲಿಸುವವರಿಗೂ ಕೊಟ್ಟವಳೆಂದೇ ಆಕೆ ದಾನಚಿಂತಾಮಣಿ.

ಮಾಡಬೇಕಾದುದೇನು?

ಬರಿದೆ ದೂರುವುದರಿಂದ ಪ್ರಯೋಜನವಿಲ್ಲ. ಟ್ರಸ್ಟುಗಳ ಮುಂದೆ ನಾಲ್ಕು ಸಲಹೆಗಳನ್ನಿಡುತ್ತೇನೆ. ಇವುಗಳಲ್ಲಿ ಯಾವುದಕ್ಕೂ ದೇವದ್ರವ್ಯದ ಒಂದು ಕಾಸನ್ನೂ ಮುಟ್ಟಬೇಕಿಲ್ಲ.

ಒಂದು: ಪ್ರತಿಯೊಂದು ಟ್ರಸ್ಟೂ ತನ್ನ ಸಮೀಪದ ಒಂದು ಸರ್ಕಾರಿ ಶಾಲೆಯಲ್ಲಿ ಮಂಜೂರಾದ ಹುದ್ದೆಗಳೆಷ್ಟು, ತುಂಬಿದ ಹುದ್ದೆಗಳೆಷ್ಟು ಎಂಬುದನ್ನು ಮಾಹಿತಿ ಹಕ್ಕಿನಡಿ ಕೇಳಿ ತಿಳಿದು, ಖಾಲಿ ಹುದ್ದೆಗಳನ್ನು ತುಂಬುವಂತೆ ಕ್ಷೇತ್ರ ಶಿಕ್ಷಣಾಧಿಕಾರಿಗಳಿಗೂ ಶಾಸಕರಿಗೂ ವರ್ಷಕ್ಕೊಮ್ಮೆ ಬರೆಯಲಿ.

ಎರಡು: 2001ರಿಂದ ನಮ್ಮ ರಾಜ್ಯದಲ್ಲಿ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳಿವೆ. ಕಾಯಿದೆಯ 22ನೆಯ ಪ್ರಕರಣದಂತೆ ಶಾಲೆಯ ಅಭಿವೃದ್ಧಿ ಯೋಜನೆಯನ್ನು ಸಿದ್ಧಪಡಿಸಬೇಕಾದವರು ಅವರೇ. ಸದಸ್ಯರಾದ ಪೋಷಕರು ಕೂಲಿಕಾರರು; ಕಾಗದಪತ್ರಗಳಿಗೆ ಅಂಜುವವರು. ನಮ್ಮಲ್ಲಿ ಲೆಕ್ಕಪರಿಶೋಧಕರಿಗೆ ಕೊರತೆಯಿಲ್ಲ. ಸಮಿತಿ ಬಯಸಿದಲ್ಲಿ, ತಿಂಗಳಿಗೆ ಒಂದು ಸಂಜೆ ಅವರ ಪಕ್ಕದಲ್ಲಿ ಕುಳಿತು ಯೋಜನೆಯನ್ನೂ ಲೆಕ್ಕವನ್ನೂ ಬರೆದುಕೊಡುವುದು ಇಂದಿನ ಕಾಲದ ಶಾಸ್ತ್ರದಾನ.

ಮೂರು: ದಾನ ಕೊಡುವುದಾದರೆ ಕ್ರಮವನ್ನು ತಿರುಗಿಸಿರಿ. ಮೊದಲು ಕಲಿಸುವವರು, ಅನಂತರ ಶೌಚಾಲಯ ಮತ್ತು ಸೋರುವ ಸೂರು, ಕೊನೆಗೆ ಪರದೆ ಮತ್ತು ಬಣ್ಣ. ಅತಿಥಿ ಶಿಕ್ಷಕರಿಗೆ ಬೇಸಿಗೆಯ ತಿಂಗಳುಗಳಲ್ಲಿ ಮಕ್ಕಳಿಗೆ ಓದು-ಲೆಕ್ಕದ ಶಿಬಿರ ನಡೆಸುವ ಕೆಲಸ ಕೊಟ್ಟು, ಆ ಎರಡು ತಿಂಗಳ ಸಂಬಳವನ್ನು ಸಾಧಾರಣ ನಿಧಿಯಿಂದ ಕೊಡಬಹುದು. ಇದು ಹುದ್ದೆ ತುಂಬುವ ಬೇಡಿಕೆಗೆ ಬದಲಿಯಲ್ಲ. ಅವರು ಊರು ಬಿಡದಂತೆ ಹಿಡಿದಿಡುವ ಊರುಗೋಲು ಅಷ್ಟೆ.

ನಾಲ್ಕು: ಮೊಟ್ಟೆಯ ಕುರಿತು ಮನವಿ ಕೊಡುವವರು ಅದೇ ಹಾಳೆಯ ಮೇಲೆ ಬೇಳೆ ಮತ್ತು ಹಾಲಿನ ಹೆಚ್ಚಳವನ್ನೂ, ಅದಕ್ಕೆ ಬೇಕಾದ ಹಣವನ್ನೂ, ಖಾಲಿ ಹುದ್ದೆಗಳ ಸಂಖ್ಯೆಯನ್ನೂ ಬರೆಯಲಿ.

ನನ್ನ ಗುಮಾಸ್ತನ ಕಥೆಗೆ ಇನ್ನೂ ಕೊನೆ ಬಂದಿಲ್ಲ. ಭಾನುವಾರ ಬೆಳಿಗ್ಗೆ ಎರಡು ಗಂಟೆ ಅವನು ನಮ್ಮ ಗೋದಾಮಿನ ಮುಂದಿನ ಜಗಲಿಯಲ್ಲಿ ಹಮಾಲರ ಮಕ್ಕಳಿಗೆ ಲೆಕ್ಕ ಹೇಳಿಕೊಡುತ್ತಾನೆ. ಅದಕ್ಕೆ ನಾನು ಬೇರೆ ಸಂಬಳ ಕೊಡುತ್ತೇನೆ. ಇದರಿಂದ ನನ್ನ ಋಣ ತೀರಿತೆಂದು ನಾನು ಭಾವಿಸಿಲ್ಲ. ಹನ್ನೆರಡು ಮಕ್ಕಳು ಬರುತ್ತಾರೆ; ಅವನು ಬಿಟ್ಟುಬಂದ ತರಗತಿಯಲ್ಲಿ ಇದ್ದವರು ನಲವತ್ತು. ಶಾಲೆಯ ಕೆಲಸವನ್ನು ಜಗಲಿ ಮಾಡಲಾರದು.

ಅಂದು ಸಭೆಗೆ ಒಯ್ದಿದ್ದ ಮನವಿಯ ಹಾಳೆ ನನ್ನ ಮೇಜಿನ ಮೇಲೆ ಹಾಗೆಯೇ ಇದೆ. ಕೆಳಗೆ ಹನ್ನೊಂದು ಟ್ರಸ್ಟಿಗಳ ಸಹಿಗೆ ಸ್ಥಳ ಬಿಟ್ಟಿದ್ದೆ. ಈಗ ಅದರಲ್ಲಿ ಒಂದು ಸಹಿಯಿದೆ. ಮುಂದಿನ ಸಭೆಗೂ ಅದನ್ನು ಒಯ್ಯುತ್ತೇನೆ.